ಬೈಯಲು ಬಾರದ ಬುಗುರಿ

ಅವನ ಸುದ್ದಿ ಮೊದಲ ಸಲ ನನ್ನ ಕಿವಿಗೆ ಬಿದ್ದ ದಿನ ನಾನು ಹಿತ್ತಲಲ್ಲಿ ಬೆಡ್‌ಶೀಟ್ ಹಿಂಡುತ್ತಿದ್ದೆ. ನಮ್ಮ ಮನೆಗೂ ನಮ್ಮವರ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದು ತಗಡಿನ ಬಾಗಿಲು ಮಾತ್ರ. ಆ ಕಡೆಯಿಂದ ಟೈರು ಕಿರುಚಿದ ಸದ್ದು, ಆಮೇಲೆ ಧೂಳು, ಆಮೇಲೆ ನಮ್ಮವರ ನಗು. ಮದುವೆಯಾಗಿ ಅಷ್ಟು ವರ್ಷವಾದರೂ ಅವರು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಗ್ರೀಸು ಮೆತ್ತಿದ ಕೈಯನ್ನು ನನ್ನ ಒದ್ದೆ ಬೆಡ್‌ಶೀಟಿಗೇ ಒರೆಸಿಕೊಂಡು ಹೇಳಿದರು:

“ಒಬ್ಬ ಬಂದಿದಾನೆ ಕಣೇ. ಗೇಟಿನೊಳಗೆ ಬಂದವನೇ ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನ ಬುಗುರಿ ತರ ತಿರುಗಿಸಿ, ಮೂತಿ ರಸ್ತೆ ಕಡೆ ಮಾಡಿ ನಿಲ್ಲಿಸಿದ. ಏನಯ್ಯಾ, ರಿವರ್ಸ್ ಗೇರ್ ಅಂತ ಒಂದಿದೆ ಗೊತ್ತಿಲ್ವಾ ಅಂದೆ. ‘ಅದೇ ಕೆಟ್ಟಿರೋದು ಅಣ್ಣ, ಅದನ್ನ ರಿಪೇರಿ ಮಾಡಿಸೋಕೇ ಬಂದೆ’ ಅಂದ!”

“ನನ್ನ ಬೆಡ್‌ಶೀಟ್ ಕೆಟ್ಟಿದ್ದನ್ನ ಯಾರು ರಿಪೇರಿ ಮಾಡ್ತಾರೆ?” ಅಂದೆ. ಆ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಆಗಲೇ ತಗಡಿನ ಬಾಗಿಲು ದಾಟಿ ಹೋಗಿದ್ದರು.

ಅಂದಿನಿಂದ ಅವನು ಬುಗುರಿಯಾದ. ಹೆತ್ತವರು ಇಟ್ಟ ಹೆಸರು ಒಂದಿತ್ತು, ಅದನ್ನು ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಯಾರೂ ಬಳಸಲಿಲ್ಲ. ಸಣಕಲು ಮೈ, ಅಗಲ ಕಿವಿ, ಕೂತಲ್ಲಿ ಕೂರದ ಕಾಲು. ಮಾತು ಮಾತ್ರ ಬೆಣ್ಣೆ. ರಿವರ್ಸ್ ಗೇರ್ ರಿಪೇರಿಯಾದ ಮೇಲೂ ಅವನು ಹೋಗಲಿಲ್ಲ. ನಮ್ಮವರು ಹಳೆಯ ಕಾರುಗಳನ್ನು ಬಿಚ್ಚಿ, ಮಣ್ಣುದಾರಿಯ ಓಟದ ಪಂದ್ಯವಾದ ರ್‍ಯಾಲಿಗೆ ಸಿದ್ಧ ಮಾಡುತ್ತಿದ್ದರು, ಓಡಿಸಲು ಒಬ್ಬ ಬೇಕಿತ್ತು. ಅವನಿಗೆ ಓಡಿಸಲು ಒಂದು ಕಾರು ಬೇಕಿತ್ತು. ಹಾಗೆ ಕೂಡಿಕೊಂಡಿತು.

ನಮ್ಮ ಗ್ಯಾರೇಜಿನಲ್ಲಿ ಇನ್ನೊಬ್ಬಳಿದ್ದಳು, ನಮ್ಮವರ ತಂಗಿ, ನನ್ನ ನಾದಿನಿ. ಲಾರಿಯ ಟೈರನ್ನು ಒಬ್ಬಳೇ ಎತ್ತಿ ನಿಲ್ಲಿಸುತ್ತಿದ್ದಳು. ಅಣ್ಣ ಅವಳನ್ನು ಜಾಕಿ ಅಂತ ಕರೆಯುತ್ತಿದ್ದರು. “ಜಾಕಿ ಕೆಟ್ಟುಹೋದ್ರೆ ಇವಳನ್ನ ಕಾರಿನ ಕೆಳಗೆ ನಿಲ್ಲಿಸಿದರಾಯ್ತು” ಅನ್ನುವುದು ಅವರ ದಿನನಿತ್ಯದ ತಮಾಷೆ. ಅವಳ ಬಾಯಿಯೂ ತೋಳಿನಷ್ಟೇ ಗಟ್ಟಿ. ಬಂದ ಮೊದಲ ವಾರವೇ ಬುಗುರಿಯನ್ನು ಹಿಡಿದು ನಿಲ್ಲಿಸಿ, “ಏಯ್, ನಟ್ಟು ಬಿಚ್ಚಿದ್ಮೇಲೆ ಡಬ್ಬಿಯೊಳಗೆ ಹಾಕೋದು ನಿಮ್ಮಪ್ಪ ಬಂದು ಮಾಡ್ತಾರಾ?” ಅಂದಳು. ಅವನು ನಗುತ್ತಾ, “ಅವರಿಗೆ ಮಂಡಿನೋವು, ನಾನೇ ಹಾಕ್ತೀನಿ ಬಿಡಿ” ಅಂದ. ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ತಗಡಿನ ಬಾಗಿಲಲ್ಲಿ ನಿಂತಿದ್ದೆ. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಯಿತು ಅಂದುಕೊಂಡೆ.

ಮೊದಮೊದಲು ಅವನು ಓಡಿಸುತ್ತಿದ್ದದ್ದು ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಚಿಕ್ಕ ಕಾರುಗಳನ್ನು. ಕಡಿದಾದ ತಿರುವು ಬಂದರೆ ಹ್ಯಾಂಡ್‌ಬ್ರೇಕ್ ಒಂದೇ ಏಟಿಗೆ ಎಳೆದು ಬಿಡುತ್ತಿದ್ದ. ಹಿಂದಿನ ಚಕ್ರ ಜಾರಿ ಬಾಲ ಹೊರಗೆ ಹೋಗುತ್ತಿತ್ತು, ಮೂತಿ ತಿರುವಿನೊಳಗೆ ಬರುತ್ತಿತ್ತು. ನೋಡುವವರಿಗೆ ಜೀವ ಬಾಯಿಗೆ ಬರುತ್ತಿತ್ತು. ಒಂದು ಸಲ ಬೇರೆಯವರ ಕಾರು ಓಡಿಸಲು ಹೋಗಿ ಪಲ್ಟಿ ಹೊಡೆಸಿಕೊಂಡು ಬಂದ. ಎಡಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಗೇರು ಬದಲಿಸಲು ಅಡ್ಡಿಯಿರಲಿಲ್ಲ, ಲೋಟ ಹಿಡಿಯಲು ಅಡ್ಡಿಯಿರಲಿಲ್ಲ. ಜೋರಾಗಿ ಹಿಂದಕ್ಕೆ ಏನನ್ನಾದರೂ ಎಳೆಯಬೇಕೆಂದರೆ ಮಾತ್ರ ಕೈ ಸೋಲುತ್ತಿತ್ತು.

ನಮ್ಮವರು ಆಗಲೇ ಅವರ ದೊಡ್ಡ ಕನಸಿಗೆ ಕೈಹಾಕಿದ್ದರು. ಜಜ್ಜಿಹೋದ ಎರಡು ಕಾರುಗಳಿಂದ ನಾಲ್ಕೂ ಚಕ್ರ ಎಳೆಯುವ ಒಂದು ಕಾರು. ಅದಕ್ಕೆ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಕೂರಿಸಿದ್ದರು. ನಮ್ಮ ನಿಮ್ಮ ಕಾರಿನಲ್ಲಿ ಕಟಕಟ ಅನ್ನುತ್ತಾ ಮೇಲೆ ಬಂದು ಅಲ್ಲೇ ನಿಲ್ಲುವ ಹಿಡಿಯಲ್ಲ ಅದು. ಎರಡು ಸೀಟಿನ ನಡುವೆ ಉದ್ದಕ್ಕೆ ನಿಂತ ಕಬ್ಬಿಣದ ಲಿವರು. ಎಳೆದರೆ ಒಳಗಿನ ಎಣ್ಣೆ ನುಗ್ಗಿ ಹಿಂದಿನ ಎರಡೂ ಚಕ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಚ್ಚಿಕೊಳ್ಳುತ್ತವೆ, ಬಿಟ್ಟರೆ ಅಷ್ಟೇ ಬೇಗ ಬಿಟ್ಟುಕೊಳ್ಳುತ್ತವೆ.

ಆದರೆ ಅದರಲ್ಲೊಂದು ತಕರಾರಿತ್ತು. ನಮ್ಮವರು ಊಟಕ್ಕೆ ಕೂತಾಗಲೆಲ್ಲ ಅದೇ ಮಾತಾದ್ದರಿಂದ ನನಗೂ ಬಾಯಿಪಾಠವಾಗಿತ್ತು. ನಾಲ್ಕು ಜನ ಒಂದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಓಡುತ್ತಿದ್ದಾರೆ ಅಂದುಕೊಳ್ಳಿ. ಹಿಂದಿನ ಇಬ್ಬರನ್ನು ಗಪ್ಪನೆ ಹಿಡಿದರೆ ಮುಂದಿನವರೂ ಮುಗ್ಗರಿಸುತ್ತಾರೆ. ಈ ಕಾರೂ ಹಾಗೆಯೇ. ನಾಲ್ಕು ಚಕ್ರವೂ ಇಂಜಿನ್ನೂ ಒಂದಕ್ಕೊಂದು ಕಟ್ಟಿಕೊಂಡಿವೆ. ಸುಮ್ಮನೆ ಲಿವರ್ ಎಳೆದರೆ ಹಿಂದಿನ ಚಕ್ರ ಮುಂದಿನದನ್ನೂ ನಿಲ್ಲಿಸಿ, ಇಂಜಿನ್ನಿನ ಉಸಿರೂ ಕಟ್ಟಿಸಿ, ಕಾರು ತಿರುಗುವುದನ್ನು ಬಿಟ್ಟು ನೆಟ್ಟಗೆ ಜಾರಿಹೋಗುತ್ತದೆ. ದೊಡ್ಡ ದೊಡ್ಡ ಕಾರುಗಳಲ್ಲಿ ಲಿವರ್ ಎಳೆದ ಕೂಡಲೇ ಆ ಹಗ್ಗ ತಾನಾಗಿಯೇ ಬಿಚ್ಚಿಕೊಳ್ಳುವ ಏರ್ಪಾಡು ಇರುತ್ತದಂತೆ. ನಮ್ಮದರಲ್ಲಿ ಇರಲಿಲ್ಲ. ನಮ್ಮದರಲ್ಲಿ ಆ ಹಗ್ಗ ಸಡಿಲಿಸಲು ಮೊದಲು ಎಡಗಾಲಿನಿಂದ ಕ್ಲಚ್ ಒತ್ತಬೇಕು, ಆಮೇಲೆ ಲಿವರ್ ಎಳೆಯಬೇಕು. ಕಾಲು ಮುಂದೆ, ಕೈ ಹಿಂದೆ.

ಬುಗುರಿಗೆ ಕಾಲಿತ್ತು, ಕೈ ಇರಲಿಲ್ಲ.

“ಕೈ ನಂದು,” ಅಂದಳು ನಾದಿನಿ. ಅವಳು ಆಗಲೇ ಅವನ ಎಡಗಡೆ ಸೀಟಿನಲ್ಲಿ ಕೂತು, ಮೊದಲೇ ಬರೆದಿಟ್ಟ ತಿರುವುಗಳ ಪಟ್ಟಿ ನೋಡಿ ದಾರಿ ಓದಿ ಹೇಳುವುದನ್ನು ಕಲಿತಿದ್ದಳು. ಲಿವರು ಇಬ್ಬರ ನಡುವೆಯೇ ಇತ್ತಲ್ಲ.

ನಮ್ಮವರು ತಲೆ ಕೆರೆದುಕೊಂಡರು. “ಕಾಲು ಅವನದು, ಕೈ ನಿಂದು. ಇದೇನು ಕಾರೋ ಸಂಸಾರವೋ?”

“ಎರಡೂ ಆಗ್ಲಿ ಅಣ್ಣ,” ಅಂದ ಬುಗುರಿ, ಸ್ಪಾರ್ಕ್‌ಪ್ಲಗ್ಗನ್ನು ಒರೆಸುತ್ತಲೇ. ಹೆಣ್ಣು ಕೇಳಿದ್ದು ಹಾಗೆ. ನಾದಿನಿ ಕೈಯಲ್ಲಿದ್ದ ಬಟ್ಟೆಯ ಉಂಡೆಯನ್ನು ಅವನ ಮುಖಕ್ಕೆ ಎಸೆದಳು. ಒಪ್ಪಿಕೊಂಡದ್ದು ಹಾಗೆ. ರ್‍ಯಾಲಿಯ ಕಾಲ ಮುಗಿದ ಮೇಲೆ ಮದುವೆ ಅಂತ ಮಾತಾಯಿತು.

ಮುಚ್ಚಿಹೋದ ಒಂದು ಕಾರ್ಖಾನೆಯ ಅಂಗಳದಲ್ಲಿ ಖಾಲಿ ಡ್ರಮ್ಮುಗಳನ್ನು ಇಟ್ಟು ಅಭ್ಯಾಸ ಮಾಡುತ್ತಿದ್ದರು. ನಾನು ಬುತ್ತಿ ತೆಗೆದುಕೊಂಡು ಹೋಗಿ ಗೋಡೆಯ ಮೇಲೆ ಕೂತು ನೋಡುತ್ತಿದ್ದೆ. ಮೊದಲು ಅವನು “ಎಳಿ!” ಅನ್ನುತ್ತಿದ್ದ. ಅದರಿಂದ ಒಂದು ಡ್ರಮ್ಮು ಅಪ್ಪಚ್ಚಿಯಾಯಿತು. ಅವಳು ದಾರಿ ಓದುವಾಗ ಎಡ, ಬಲ ಅನ್ನುತ್ತಿದ್ದಳು. ಹೆಲ್ಮೆಟ್ಟಿನೊಳಗೆ, ಇಂಜಿನ್ ಬೊಬ್ಬೆಯಲ್ಲಿ, ‘ಎಡ’ ಯಾವುದು ‘ಎಳಿ’ ಯಾವುದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

“ಬೇರೆ ಮಾತು ಹುಡುಕ್ರೋ, ನನ್ನ ಡ್ರಮ್ಮು ಮುಗೀತಾ ಬಂತು,” ಅಂದರು ನಮ್ಮವರು.

“ಎಲ್ಲರೂ ಬ್ರೇಕ್ ಹಿಡಿ ಅಂತಾರಲ್ಲ, ‘ಹಿಡಿ’ ಅಂತೀನಿ,” ಅಂದ ಬುಗುರಿ. ಹಾಗೆ ಆ ಮಾತು ನಿಂತಿತು. ನಾದಿನಿ ತನ್ನದೊಂದು ಕಟ್ಟಳೆ ಸೇರಿಸಿದಳು. “ಇವನು ಹಿಡಿ ಅಂದ ಮಾತ್ರಕ್ಕೆ ನಾನು ಎಳೆಯಲ್ಲ. ಇವನ ಎಡಮಂಡಿ ಕೆಳಗೆ ಹೋಗಿದ್ದನ್ನ ನೋಡಿ ಎಳೀತೀನಿ. ಬಾಯಿಗೆ ಏನು, ಏನು ಬೇಕಾದ್ರೂ ಅನ್ನತ್ತೆ.”

ಅವನ ಮಂಡಿ, ಅವಳ ಕೈ. ಕೊನೆಕೊನೆಗೆ ಅದು ಒಂದೇ ಮೈಯ ಕೆಲಸದಂತೆ ಕಾಣುತ್ತಿತ್ತು. ಕಾರು ನೆಟ್ಟಗೆ ನುಗ್ಗಿ ಬರುತ್ತಿತ್ತು, ಇಂಜಿನ್ ಸದ್ದು ಒಂದು ಗಳಿಗೆ ಹಗುರಾಗುತ್ತಿತ್ತು, ಬಾಲ ಬಿಚ್ಚಿಕೊಂಡು ಡ್ರಮ್ಮನ್ನು ಸವರಿಯೂ ಸವರದಂತೆ ಸುತ್ತಿ ಹೋಗುತ್ತಿತ್ತು. ಇಳಿದು ಬಂದು ಇಬ್ಬರೂ ಜಗಳ ಮಾಡುತ್ತಿದ್ದರು.

“ತಡ ಮಾಡಿ ಎಳೆದೆ.”

“ನೀನು ತಡ ಮಾಡಿ ತುಳಿದೆ!”

“ಕಣ್ಣಿಗೆ ಕನ್ನಡಕ ಹಾಕ್ಕೋ.”

“ನೀನು ಮಂಡಿಗೆ ಕೀಲೆಣ್ಣೆ ಹಾಕ್ಕೋ.”

ಆಗ ಅವನಿಗೆ ಬೈಯಲು ಬರುತ್ತಿತ್ತು. ಅದನ್ನು ಇಲ್ಲಿ ಬರೆದಿಡಬೇಕು. ಅವರಿಬ್ಬರೂ ಸುಖವಾಗಿದ್ದದ್ದು ಬೈದಾಡುತ್ತಿದ್ದ ಆ ದಿನಗಳಲ್ಲಿ.

ಆ ಕಾರಿನಲ್ಲಿ ಮೊದಲ ರ್‍ಯಾಲಿ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಆಗಿದ್ದು ಹೀಗೆ. ಮಣ್ಣುದಾರಿ, ಉದ್ದನೆಯ ಇಳಿಜಾರು, ತಿರುವು ಇನ್ನೂ ದೂರದಲ್ಲಿತ್ತು. ಅವಳು ತಲೆ ತಗ್ಗಿಸಿ ಮುಂದಿನ ದಾರಿ ಓದುತ್ತಿದ್ದಳು. ಹಿಂದಿನ ದಿನದ ನೀರು ದಾರಿಗೆ ಅಡ್ಡಲಾಗಿ ಒಂದು ಕೊರಕಲು ಕೊರೆದಿತ್ತು. ಮೊದಲು ದಾರಿ ನೋಡಿಕೊಂಡು ಬಂದಾಗ ಅದು ಇರಲಿಲ್ಲ. ಬುಗುರಿ ಅದನ್ನು ಕಂಡ. ತಪ್ಪಿಸುವಂತಿರಲಿಲ್ಲ, ಹಾರಿಸಿಕೊಂಡು ಹೋಗಬೇಕಿತ್ತು. ಪಕ್ಕದಲ್ಲಿ ಕೂತವರಿಗೆ ಯಾರಾದರೂ ಹೇಳುವ ಮಾತನ್ನೇ ಹೇಳಿದ. ಬಸ್ಸಿನಲ್ಲಿ ಹೇಳುತ್ತೇವಲ್ಲ, ಮಗುವಿಗೆ ಹೇಳುತ್ತೇವಲ್ಲ, ಅದೇ ಮಾತು.

“ಹಿಡ್ಕೋ!”

ಅವಳಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ಕೈ ತಾನಾಗಿ ಹೋಯಿತು. ತಲೆ ಎತ್ತಿ ಮಂಡಿ ನೋಡಲಿಲ್ಲ. ಕ್ಲಚ್ ಒತ್ತಿರಲಿಲ್ಲ. ನಾಲ್ಕು ಚಕ್ರವೂ ಕಚ್ಚಿಕೊಂಡು, ಇಂಜಿನ್ ಸತ್ತು, ಕಾರು ಹಲಗೆಯಂತೆ ಜಾರಿ ದಾರಿ ಬಿಟ್ಟು, ಒಂದು ಮೋರಿಯ ಕಟ್ಟೆಗೆ ಬಲಗಡೆಯಿಂದ ಹೋಗಿ ಬಡಿಯಿತು.

ನಾದಿನಿಗೆ ಒಂದು ಗೀರೂ ಆಗಲಿಲ್ಲ. ಬುಗುರಿಯ ಬಲಗಾಲನ್ನು ಬಿಡಿಸಲು ಕಾರಿನ ಬಾಗಿಲನ್ನೇ ಕತ್ತರಿಸಬೇಕಾಯಿತು. ಕಾಲು ಉಳಿಯಿತು, ಮಂಡಿ ಮಡಚುವುದು ಉಳಿಯಲಿಲ್ಲ. ರ್‍ಯಾಲಿ ಅಲ್ಲಿಗೆ ಮುಗಿಯಿತು.

ಲೋಕದಲ್ಲಿ ಜನ ತಪ್ಪನ್ನು ಒಬ್ಬರ ಮೇಲೊಬ್ಬರು ಎತ್ತಿಹಾಕಿ ಕಿತ್ತಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ತನ್ನದು ತನ್ನದು ಅಂತ ಕಿತ್ತಾಡಿ ಮುರಿದುಕೊಂಡವರನ್ನು ಕಂಡದ್ದು ಇವರಿಬ್ಬರನ್ನೇ. ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದ ಕೂಡಲೇ ಅವಳು ಮಂಚದ ಕಂಬಿ ಹಿಡಿದು ನಿಂತಳು.

“ನಾನು ಮಂಡಿ ನೋಡ್ಲಿಲ್ಲ.”

“ಏನೂ ಇಲ್ಲ ಬಿಡು,” ಅಂದ ಅವನು. “ಹಿಡಿ ಅನ್ನೋ ಮಾತು ಆರಿಸಿದ್ದು ನಾನು. ಹಿಡ್ಕೋ ಅಂತ ಕೂಗಿದ್ದೂ ನಾನು. ನಿನ್ನದೇನಿದೆ?”

“ನೋಡಿ ಎಳೀತೀನಿ ಅಂದೋಳು ನಾನು. ನೋಡ್ಲಿಲ್ಲ.”

“ಹೋಗ್ಲಿ ಬಿಡು ಅಂದ್ನಲ್ಲ. ಊಟ ಮಾಡಿದ್ಯಾ?”

ಅವಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಪಾಳಕ್ಕೆ ಹೊಡೆಸಿಕೊಂಡವಳಂತೆ ಇತ್ತು. ಹೊಡೆದಿದ್ದರೆ ಪರವಾಗಿರಲಿಲ್ಲ ಅನ್ನುವಂತೆಯೂ ಇತ್ತು.

ಮನೆಗೆ ಬಂದ ಮೇಲೂ ಅದೇ. ಅವನು ನಮ್ಮ ಮುಂದಿನ ಕೋಣೆಯಲ್ಲಿ ಕಾಲು ಚಾಚಿಕೊಂಡು ಮಲಗಿರುತ್ತಿದ್ದ. ಅವಳು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು, ಔಷಧಿ ಕೊಡುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ನೋವಿಗೆ ಅವನು ಹಲ್ಲು ಕಚ್ಚಿದರೂ ಅವಳು ಬಂದ ಸದ್ದಾದರೆ ಮುಖ ಸರಿಮಾಡಿಕೊಂಡು ನಗುತ್ತಿದ್ದ. ಒಂದು ಮಧ್ಯಾಹ್ನ ಅವಳು ಎಣ್ಣೆಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

“ಬೈಯೋ! ಒಂದ್ಸಲ ಬೈಯೋ ನನ್ನ! ಡ್ರಮ್ಮಿಗೆ ತಗುಲಿಸಿದ್ರೆ ಬಾಯಿಗೆ ಬಂದಂಗೆ ಬೈತಿದ್ದೆ. ಈಗ ಕಾಲು ಮುರಿದ್ರೂ ಬೈಯಲ್ಲ. ನಾನೇನು ನಿನ್ನ ಜೊತೆ ಕಾರಲ್ಲಿ ಇದ್ದೋಳಾ, ಇಲ್ಲ ಸೀಟಿನ ಮೇಲೆ ಇಟ್ಟಿದ್ದ ಚೀಲವಾ?”

“ನಿನ್ನ ಮೇಲೆ ನಂಗೆ ಕೋಪ ಇಲ್ಲ ಕಣೇ. ಇಲ್ಲದ ಕೋಪ ಎಲ್ಲಿಂದ ತರ್ಲಿ?”

“ಇದೆ! ಇದೆ ನಿಂಗೆ! ನುಂಗ್ಕೊಂಡು ನಗ್ತೀಯ!”

“ಬಂಗಾರದಂಥ ಹುಡುಗ ಕಣೇ, ಇಷ್ಟಾದ್ರೂ ಒಂದು ಮಾತಾಡ್ಲಿಲ್ಲ,” ಅಂದರು ನಮ್ಮವರು, ಸಮಾಧಾನ ಮಾಡಲು. ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಬೀದಿಯಲ್ಲೂ ಎಲ್ಲರೂ ಅದನ್ನೇ ಅನ್ನುತ್ತಿದ್ದರು, ಎಂಥ ದೊಡ್ಡ ಮನಸ್ಸು ಅಂತ. ಅವನ ಮನಸ್ಸು ದೊಡ್ಡದಾದಷ್ಟೂ ಅವಳಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಅವನು ಕೋಲು ಹಿಡಿದು ನಡೆಯುವ ತನಕ ಇದ್ದು, ಅವಳು ಬೇರೆ ಊರಿಗೆ ಹೊರಟುಹೋದಳು. ಅಲ್ಲಿ ಟೈರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಅದನ್ನೇ ನಡೆಸತೊಡಗಿದಳು. ಮದುವೆಯ ಮಾತು ಯಾರೂ ಎತ್ತಲಿಲ್ಲ, ಯಾರೂ ಮುರಿಯಲೂ ಇಲ್ಲ. ಅದು ಹಾಗೇ ಒಣಗಿಹೋಯಿತು. ಇಬ್ಬರೂ ಬೇರೆ ಮದುವೆ ಮಾಡಿಕೊಳ್ಳಲಿಲ್ಲ.

ಬುಗುರಿ ಡ್ರೈವಿಂಗ್ ಶಾಲೆಯ ಮೇಷ್ಟ್ರಾದ. ಮಡಚದ ಕಾಲಿಗೆ ಎಡಗಡೆ ಸೀಟೇ ಸಲೀಸು. ಕಲಿಸುವವನ ಕಾಲಬಳಿಯೂ ಒಂದು ಬ್ರೇಕ್ ಇರುವ ಕಾರು ಅದು. ಎಡಗಾಲಿನಲ್ಲಿ ಅದನ್ನು ಕಾಯುತ್ತಾ ಕೂರುತ್ತಿದ್ದ. ಬೈಯದ ಮೇಷ್ಟ್ರು ಅಂತ ಹೆಸರಾಯಿತು. ಹೆದರುಪುಕ್ಕಲರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗೋಡೆಗೆ ಗುದ್ದಿದರೂ, “ಗೋಡೆ ಸ್ವಲ್ಪ ಮುಂದೆ ಬಂದುಬಿಡ್ತು, ಅಲ್ವಾ?” ಅನ್ನುತ್ತಿದ್ದನಂತೆ. ಕಲಿತವರು ಹೇಳಿಕೊಂಡು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ನಮ್ಮವರು ತೀರಿಕೊಂಡಾಗ ಇಬ್ಬರೂ ಬಂದರು. ಅಷ್ಟು ವರ್ಷಗಳ ಮೇಲೆ ಒಂದೇ ಕೋಣೆಯಲ್ಲಿ, ಎದುರುಬದುರು ಕುರ್ಚಿಯಲ್ಲಿ. ಅವಳ ತಲೆ ಅರ್ಧ ನರೆತಿತ್ತು. ಅವನ ಕಾಲು ಕೋಣೆಯ ನಡುವಿಗೆ ಚಾಚಿಕೊಂಡಿತ್ತು. ಓಡಾಡುವವರೆಲ್ಲ ಅದನ್ನು ದಾಟಿಕೊಂಡು ಹೋಗುತ್ತಿದ್ದರು. ನಾನು ಒಳಗಿನಿಂದ ಕಿವಿಗೊಟ್ಟಿದ್ದೆ. ಆ ದಿನವೂ ನನ್ನ ಒಂದು ಕಿವಿ ಅವರ ಮಾತಿನ ಮೇಲೇ ಇತ್ತು, ಏನು ಮಾಡಲಿ.

“ಕಾಲು ನೋಯತ್ತಾ?” ಅಂತ ಕೇಳಿದಳು.

“ಇಲ್ಲಪ್ಪ. ಚೆನ್ನಾಗಿದೆ.”

“ಸುಳ್ಳು. ಚಳಿಗೆ ನೋಯತ್ತೆ.”

“ಸ್ವಲ್ಪ. ಏನೂ ಅಲ್ಲ ಬಿಡು.”

“ಈಗಲಾದ್ರೂ ಒಂದು ಮಾತು ಅನ್ನಲ್ವಾ?” ಅಂದಳು.

ಅವನು ಬಾಯಿ ತೆರೆದ. ಅನ್ನುತ್ತಾನೆ ಅಂದುಕೊಂಡೆ. “ಪ್ರಯಾಣ ಮಾಡಿ ಬಂದಿದ್ದೀಯ, ಏನಾದ್ರೂ ತಿಂದ್ಯಾ?” ಅಂದ.

ಅವಳು ಎದ್ದಳು. ಅವನ ಕಾಲನ್ನು ದಾಟಲಿಲ್ಲ, ಸುತ್ತಿಕೊಂಡು ಹೋದಳು. ಮರುದಿನ ಬೆಳಗಿನ ಬಸ್ಸಿಗೇ ಹೊರಟಳು.

ಹೋದ ವರ್ಷ ಅವನ ಎದೆ ಕೆಟ್ಟಿತು. ನಾನು ಬಿಸಿನೀರಿನ ಫ್ಲಾಸ್ಕು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ. ಎರಡು ಮಾತಾಡಿದರೆ ಏದುಸಿರು, ಆದರೂ ತಮಾಷೆ ಬಿಡಲಿಲ್ಲ. “ಅತ್ತಿಗೆ, ಈ ಮಂಚಕ್ಕೂ ನಾಲ್ಕು ಚಕ್ರ ಇದೆ, ನೋಡಿದ್ರಾ? ತಳ್ಳೋರು ತಿರುವಲ್ಲಿ ಬ್ರೇಕೇ ಹಿಡಿಯಲ್ಲ” ಅನ್ನುತ್ತಿದ್ದ. ಒಂದು ದಿನ ತಮಾಷೆ ಮಾಡಲಿಲ್ಲ.

“ಹೋದ ತಿಂಗಳು ಒಬ್ಬಳು ಹುಡುಗಿ ಕಲಿಯೋಕೆ ಬಂದಿದ್ಳು,” ಅಂದ. “ಗೇಟಿಗೆ ಗುದ್ದಿಬಿಟ್ಳು. ನಾನು ಎಂದಿನ ಹಾಗೆ, ನಂದೇ ತಪ್ಪಮ್ಮ, ನಾನು ಬ್ರೇಕ್ ಒತ್ತಬೇಕಿತ್ತು ಅಂದೆ. ಅವಳು ಅತ್ತುಬಿಟ್ಳು ಅತ್ತಿಗೆ. ‘ಸರ್, ಚೆನ್ನಾಗಿ ಓಡಿಸಿದ್ರೆ ನಿಮ್ಮ ಪಾಠ, ಗುದ್ದಿದ್ರೆ ನಿಮ್ಮ ತಪ್ಪು. ಹಾಗಾದ್ರೆ ಓಡಿಸ್ತಾ ಇರೋದು ಯಾರು? ನನ್ನ ತಪ್ಪನ್ನಾದ್ರೂ ನಂಗೆ ಬಿಡಿ’ ಅಂದ್ಳು.”

ನಾನು ನೀರು ಕೊಟ್ಟೆ. ಎರಡು ಗುಟುಕು ಕುಡಿದು ಲೋಟವನ್ನು ಎದೆಯ ಮೇಲೇ ಇಟ್ಟುಕೊಂಡ.

“ನಾನು ಒಳ್ಳೆಯವನು ಅಂದ್ಕೊಂಡಿದ್ದೆ ಅತ್ತಿಗೆ. ಅವಳ ಪಾಲಿನದನ್ನೂ ನಾನೇ ಹೊತ್ಕೊಂಡೆ, ಅವಳಿಗೆ ಹಗುರಾಗ್ಲಿ ಅಂತ. ಅವಳನ್ನ ಕಾರಿಂದ ಇಳಿಸಿಬಿಟ್ಟೆ ಅಂತ ಗೊತ್ತಾಗ್ಲಿಲ್ಲ. ಕೋಪ ಇರಲಿಲ್ಲ ಅಂದ್ನಲ್ಲ, ಇತ್ತು. ಬೇಕಾದಷ್ಟಿತ್ತು. ಕಾಲು ನೋವಾದಾಗೆಲ್ಲ ಬರ್ತಿತ್ತು. ಬೈದ್ರೆ ಹೊರಟುಹೋಗ್ತಾಳೆ ಅಂತ ಹೆದರಿಕೆ. ಬೈಯದೇ ಹೊರಟುಹೋದ್ಳು.”

“ಫೋನ್ ಮಾಡ್ತೀನಿ ಇರು, ಈಗಲೇ ಮಾತಾಡು,” ಅಂದೆ.

“ಉಸಿರೇ ಸಾಲಲ್ಲ. ಈ ಉಸಿರಲ್ಲಿ ಬೈದ್ರೆ ಬೈದ ಹಾಗೂ ಇರಲ್ಲ, ಮುದ್ದು ಮಾಡಿದ ಹಾಗೆ ಕೇಳಿಸತ್ತೆ. ಅವಳು ಬಂದು ಸೇರೋದಕ್ಕೆ ಹೊತ್ತು ಹಿಡಿಯತ್ತೆ. ಬಂದಾಗ ನಾನಿರ್ತೀನೋ ಇಲ್ವೋ.”

ನಾನು ಅವನ ಸೊಟ್ಟ ಮಣಿಕಟ್ಟನ್ನು ಹಿಡಿದುಕೊಂಡು ಕೂತೆ. ನರ್ಸು ಬಂದು ಏನೋ ನೋಡಿ, ಹೊತ್ತಾಯಿತು ಏಳಿ ಅಂದಳು. ನಾನು ಫ್ಲಾಸ್ಕು ತೆಗೆದುಕೊಂಡು ಬಾಗಿಲ ತನಕ ಬಂದಾಗ ಕರೆದ. ತಿರುಗಿ ನೋಡಿದರೆ ಮೊಣಕೈ ಊರಿ ಅರ್ಧ ಎದ್ದಿದ್ದ. ಮುಖ ಕೆಂಪಾಗಿತ್ತು. ಆ ಕೋಪದ ಮುಖವನ್ನು ನಾನು ಕಾರ್ಖಾನೆಯ ಅಂಗಳದ ದಿನಗಳ ಮೇಲೆ ಕಂಡೇ ಇರಲಿಲ್ಲ.

“ಅತ್ತಿಗೆ, ನೀವೇ ಬೈಯಿರಿ ಅವಳಿಗೆ. ಮಂಡಿ ನೋಡದೆ ಯಾಕೆ ಎಳೆದೆ, ಕಣ್ಣು ಎಲ್ಲಿಟ್ಟಿದ್ದೆ, ನನ್ನ ಕಾಲು ಹೋಯ್ತಲ್ಲೇ ಅಂತ ಕೇಳಿ. ನಾನು ಹೇಳಿದೆ ಅಂತಲೇ ಹೇಳಿ. ನಿಮ್ಮ ಮೆತ್ತಗಿನ ದನಿಯಲ್ಲಿ ಬೇಡ. ಬೀದಿಗೆಲ್ಲ ಕೇಳಿಸೋ ಹಾಗೆ ಬೈಯಿರಿ.”